ಹುಟ್ಟಲಿರುವ ಮಗುವಿಗಾಗಿ ಮತ್ತೊಮ್ಮೆ ನೋಡಿದ ಊರು

ಹಿರಿಯೂರಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ನೆಲದ ಬಣ್ಣವೇ ಬದಲಾಗುತ್ತದೆ. ತೆಂಗು, ಅಡಿಕೆ ಹಿಂದೆ ಉಳಿಯುತ್ತವೆ. ಮುಂದೆ ಕೆಂಪು ಹೊಲ, ಜಾಲಿ ಗಿಡ, ರಸ್ತೆ ದಾಟೋಕೆ ಯಾವ ಅವಸರವೂ ಇಲ್ಲದ ಕುರಿ ಹಿಂಡು. ಇಲ್ಲಿಂದ ಸುಮಾರು 40 ಕಿ.ಮೀ. ಹೋದರೆ ನನ್ನ ತವರು ಚಳ್ಳಕೆರೆ. ಅದನ್ನೂ ದಾಟಿ, ತಳುಕಿನ ಮೇಲೆ ಬಳ್ಳಾರಿ ದಿಕ್ಕಿಗೆ ಇನ್ನೊಂದು ಗಂಟೆ ಚಿಲ್ಲರೆ ಹೋದರೆ ಗಂಡನ ಮನೆ ಮೊಳಕಾಲ್ಮುರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ ನಿಮ್ಮೂರಲ್ಲಿ ನೋಡೋಕೆ ಏನಿದೆ ಅಂತ ಕೇಳಿದರೆ, ‘ಆಕಾಶ’ ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಈ ಸಲ ಬೇರೆಯದೇ ನೋಡುತ್ತಾ ಹೋದೆ. ಯಾವ ಹೋಟೆಲಿನ ಶೌಚಾಲಯ ಸ್ವಚ್ಛವಾಗಿದೆ, ಬಾಗಿಲು ಎಷ್ಟು ಅಗಲ, ಒಳಗೆ ನೀರು ಬರುತ್ತಾ, ಕೈ ತೊಳೆಯೋಕೆ ಸೋಪು ಇದೆಯಾ. ಗಾಡಿ ಓಡಿಸುತ್ತಿದ್ದ ನಮ್ಮವರಿಗೆ ಶಿರಾ ಬರುವಷ್ಟರಲ್ಲೇ ಸಾಕಾಗಿತ್ತು. ‘ಏನು ಸರ್ವೇ ಮಾಡೋಕೆ ಬಂದಿದ್ದೀಯಾ?’ ಅಂದ್ರು. ಹೌದು, ಸರ್ವೇನೇ.

ನನಗೀಗ 27 ವಾರ. 20ನೇ ವಾರದ ಸ್ಕ್ಯಾನಿನಲ್ಲಿ ಮಗುವಿಗೆ ಸ್ಪೈನಾ ಬಿಫಿಡಾ ಇದೆ ಅಂತ ಗೊತ್ತಾಯಿತು. ಬೆನ್ನಹುರಿ ಸೊಂಟದ ಕೆಳಗೆ ಒಂದು ಕಡೆ ಮುಚ್ಚಿಕೊಂಡಿಲ್ಲ. ಸ್ಕ್ಯಾನ್ ಮಾಡುವ ವೈದ್ಯರು ಮೊದಲು ನೋಡಿದ್ದು ಬೆನ್ನನ್ನಲ್ಲ, ತಲೆಯನ್ನ. ಇಂಥ ಮಕ್ಕಳಲ್ಲಿ ತಲೆಬುರುಡೆಯ ಮುಂಭಾಗ ಸ್ವಲ್ಪ ಅಮುಕಿದಂತಾಗಿ ನಿಂಬೆಹಣ್ಣಿನ ಆಕಾರ ಕಾಣುತ್ತದಂತೆ, ಹಿಂಭಾಗದ ಕಿರುಮೆದುಳು ಬಾಗಿ ಬಾಳೆಹಣ್ಣಿನ ಹಾಗೆ. 1986ರಲ್ಲಿ ಲಂಡನ್ನಿನ ವೈದ್ಯರು ಗುರುತಿಸಿದ ಈ ಲಕ್ಷಣಗಳಿಗೆ ಇವತ್ತಿಗೂ ‘ಲೆಮನ್’, ‘ಬನಾನಾ’ ಅಂತಲೇ ಹೆಸರು. ಆ ದಿನದಿಂದ ತಾಂಬೂಲದ ತಟ್ಟೆ ನೋಡಿದರೂ ಒಂದು ಕ್ಷಣ ಮನಸ್ಸು ಅಲ್ಲಿಗೇ ಹೋಗುತ್ತೆ.

ಮುಂದಿನ ಎರಡು ವಾರ ಎರಡನೇ ಅಭಿಪ್ರಾಯ, ಎಂಆರ್‌ಐ, ಓದುವುದು, ಅಳುವುದು. ಮಗುವಿಗೆ ಗಂಭೀರ ತೊಂದರೆ ಇದ್ದಾಗ 24 ವಾರದವರೆಗೆ, ವೈದ್ಯಕೀಯ ಮಂಡಳಿ ಒಪ್ಪಿದರೆ ಅದಕ್ಕೂ ಮುಂದೆ, ಗರ್ಭ ಮುಂದುವರಿಸದೇ ಇರುವ ಅವಕಾಶವನ್ನು 2021ರ ತಿದ್ದುಪಡಿ ಕಾಯ್ದೆ ಕೊಟ್ಟಿದೆ. ವೈದ್ಯರು ಅದನ್ನೂ ನೇರವಾಗಿ ಹೇಳಿದರು, ಯಾವ ಒತ್ತಾಯವೂ ಇಲ್ಲದೆ. ನಾವು ಮುಂದುವರಿಸೋಣ ಅಂದೆವು. ಬೇರೆ ದಂಪತಿ ಬೇರೆ ನಿರ್ಧಾರ ಮಾಡಿದರೆ ಅವರನ್ನು ಒಂದು ಮಾತು ಅನ್ನುವ ಹಕ್ಕು ಯಾರಿಗೂ ಇಲ್ಲ ಅನ್ನೋದು ಆ ಎರಡು ವಾರದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು. ಗರ್ಭದಲ್ಲಿರುವಾಗಲೇ ಮಗುವಿನ ಬೆನ್ನಿಗೆ ಆಪರೇಷನ್ ಮಾಡುವ ಕ್ರಮವೂ ಇದೆ. 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಹುಟ್ಟಿದ ಮೇಲೆ ಆಪರೇಷನ್ ಆದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಒಂದು ವರ್ಷದೊಳಗೆ ತಲೆಯ ನೀರು ಇಳಿಸುವ ನಳಿಕೆ ಬೇಕಾದರೆ, ಗರ್ಭದಲ್ಲೇ ಆದವರಲ್ಲಿ 40 ಮಂದಿಗೆ ಸಾಕಾಯಿತು. ಆದರೆ ತಾಯಿಗೂ ಕತ್ತರಿ ಬೀಳುತ್ತೆ, ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಜಾಸ್ತಿ. ಎಲ್ಲ ತೂಗಿ ನೋಡಿ, ಬೆಂಗಳೂರಿನಲ್ಲೇ ಸಿಸೇರಿಯನ್, ಹುಟ್ಟಿದ ಒಂದೆರಡು ದಿನದಲ್ಲಿ ಬೆನ್ನು ಮುಚ್ಚುವ ಆಪರೇಷನ್ ಅಂತ ತೀರ್ಮಾನವಾಯಿತು.

ಆದರೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಅಷ್ಟರಲ್ಲಿ ಅತ್ತೆ ಏಳನೇ ತಿಂಗಳ ಸೀಮಂತಕ್ಕೆ ದಿನ ನೋಡಿಸಿದ್ದರು. ಅದಕ್ಕೆ ಮುಂಚೆ ಎರಡು ಮನೆಗೂ ಹೋಗಿ, ಎದುರು ಕೂತು ಹೇಳಬೇಕಿತ್ತು.

ಚಳ್ಳಕೆರೆಗೆ ‘ಎಣ್ಣೆ ನಗರ’ ಅನ್ನೋ ಹೆಸರು ನಿಮಗೂ ಗೊತ್ತಿರಬಹುದು. ನಾನು ಚಿಕ್ಕವಳಿದ್ದಾಗ ಊರು ಬಂತು ಅಂತ ಮೂಗಿಗೇ ಗೊತ್ತಾಗುತ್ತಿತ್ತು. ಬಿಸಿ ಶೇಂಗಾ ಎಣ್ಣೆಯ ವಾಸನೆ. ಮಳೆ ಕೈಕೊಟ್ಟು, ಅಗ್ಗದ ಪಾಮ್ ಎಣ್ಣೆ ಬಂದು ಎಷ್ಟೋ ಮಿಲ್ಲುಗಳ ಬಾಗಿಲು ಮುಚ್ಚಿವೆ. ಅಪ್ಪ ಅಂಥದ್ದೇ ಒಂದು ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಈಗ ಊರಿನ ಮಾತೆಲ್ಲ ಕುದಾಪುರದ ಕಡೆಗೆ. ಅಲ್ಲಿ ಹುಲ್ಲುಗಾವಲು ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ ಬೇಲಿ ಹಾಕಿ ಕೂತಿವೆ. ಡ್ರೋನ್ ಹಾರಿಸುವ ಪರೀಕ್ಷಾ ವಲಯ 2017ರಲ್ಲಿ ಶುರುವಾಯಿತು. ಬೇಲಿಯ ಈಚೆ ಕುರಿ ಕಾಯುವವರು ಮೇವಿಗೆ ಇನ್ನೂ ದೂರ ನಡೆಯುತ್ತಾರೆ.

ಮನೆಗೆ ಹೋದಾಗ ಅಮ್ಮ ಮೊರ ಹಿಡಿದು ಪಡಿತರ ಅಕ್ಕಿ ಆರಿಸುತ್ತಾ ಕೂತಿದ್ದಳು. ಸ್ವಲ್ಪ ಬೇರೆ ಬಣ್ಣದ ಕಾಳುಗಳನ್ನು ಹುಡುಕಿ ಹುಡುಕಿ ಪಕ್ಕಕ್ಕೆ ಹಾಕ್ತಾಳೆ. ‘ಪ್ಲಾಸ್ಟಿಕ್ ಅಕ್ಕಿ ಕಣೇ, ರೇಷನ್ನಲ್ಲಿ ಬೆರೆಸ್ತಾರೆ.’ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಬಿ12, ಫೋಲಿಕ್ ಆ್ಯಸಿಡ್ ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. 2021ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ಘೋಷಿಸಿದ ಮೇಲೆ 2024ರ ಹೊತ್ತಿಗೆ ದೇಶದ ಪಡಿತರಕ್ಕೆಲ್ಲ ಬಂದ ಅಕ್ಕಿ ಇದು. ಬೆನ್ನಹುರಿ ಸರಿಯಾಗಿ ಮುಚ್ಚಿಕೊಳ್ಳೋಕೆ ಬೇಕಾಗುವ ಅದೇ ಫೋಲಿಕ್ ಆ್ಯಸಿಡನ್ನು ನಮ್ಮಮ್ಮ ಬೆರಳ ತುದಿಯಲ್ಲಿ ಹೆಕ್ಕಿ ಕೋಳಿಗೆ ಹಾಕುತ್ತಿದ್ದಳು! ಹಾಗಂತ ಈ ಅಕ್ಕಿಯೊಂದರಿಂದಲೇ ಕೆಲಸ ಆಗಲ್ಲ. ಒಂದು ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಇರುತ್ತೆ. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೆ ಹೆಚ್ಚುಕಮ್ಮಿ 30 ಮೈಕ್ರೋಗ್ರಾಂ. ಗರ್ಭಿಣಿಯಾಗಲಿರುವ ಹೆಣ್ಣಿಗೆ ಮಾತ್ರೆಯ ರೂಪದಲ್ಲಿ ದಿನಕ್ಕೆ 400 ಬೇಕು ಅನ್ನುತ್ತಾರೆ.

ಮಧ್ಯಾಹ್ನ ಮುದ್ದೆ, ಬಸ್ಸಾರು. ಉಂಡು ಕೈ ತೊಳೆದ ಮೇಲೆ ಹೇಳಿದೆ. ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ, ‘ಗ್ರಹಣದ ದಿನ ಈಚೆಗೆ ಬಂದಿದ್ದೇನೇ?’ ಎರಡನೆಯದು, ‘ಆ ಲ್ಯಾಪ್‌ಟಾಪು ಯಾವಾಗ್ಲೂ ತೊಡೆ ಮೇಲೇ ಇಟ್ಕೊಂಡಿರ್ತಿದ್ದೆ.’ ಮೂರನೆಯದಕ್ಕೆ ಮಾತ್ರ ನಾನು ಸಿದ್ಧವಾಗಿರಲಿಲ್ಲ: ‘ನಾನು ನಿನ್ನ ಹೊತ್ತಾಗ ಸರಿಯಾಗಿ ತಿಂದಿರಲಿಲ್ಲ, ಅದಕ್ಕೇನಾದ್ರೂ ಹಿಂಗಾಯ್ತಾ?’ ತಪ್ಪು ಯಾರ ಮೇಲೂ ಕೂರದಿದ್ದರೆ ಕೊನೆಗೆ ತನ್ನ ಮೇಲೇ ಎಳೆದುಕೊಳ್ಳುವ ಜಾತಿ ಅಮ್ಮಂದಿರದ್ದು.

ನಾನು ಓದಿಕೊಂಡದ್ದನ್ನು ಅಮ್ಮನಿಗೆ ತಿಳಿಯೋ ಹಾಗೆ ಹೇಳಿದೆ. ಬೆನ್ನಹುರಿಯಾಗುವ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಮುಟ್ಟು ನಿಂತು ಎರಡು ವಾರ ಆಗುವಷ್ಟರಲ್ಲಿ ಆ ಕೆಲಸ ಮುಗಿದೇ ಹೋಗಿರುತ್ತೆ. ಮುಂದೆ ಬರುವ ಗ್ರಹಣಕ್ಕೂ ಲ್ಯಾಪ್‌ಟಾಪಿಗೂ ಅಲ್ಲಿ ಏನೂ ಕೆಲಸವಿಲ್ಲ. ಮಗು ಬೇಕು ಅಂತ ಅಂದುಕೊಂಡಾಗಲೇ ನಾನು ಮಾತ್ರೆ ಶುರು ಮಾಡಿದ್ದೆ. ‘ತಿಂದ್ರೂ ಹಿಂಗಾಗುತ್ತಾ?’ ಆಗುತ್ತೆ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ಹಿಂದೆ ಇಂಥ ಮಗು ಹೆತ್ತಿದ್ದ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಫೋಲಿಕ್ ಆ್ಯಸಿಡ್ ತಿಂದವರಲ್ಲಿ ಈ ತೊಂದರೆ ನೂರಕ್ಕೆ 72ರಷ್ಟು ತಗ್ಗಿತ್ತು. ಅಂದರೆ ಉಳಿದ 28 ಎಲ್ಲೋ ಇರಬೇಕಲ್ಲ. ಆ ಲೆಕ್ಕದೊಳಗೆ ನಾವಿದ್ದೇವೆ.

ಅಪ್ಪ ಕೇಳಿದ್ದು ಒಂದೇ, ‘ಎಷ್ಟಾಗುತ್ತೆ?’ ಗುಮಾಸ್ತರ ಪ್ರಶ್ನೆ. ಕಂಪನಿಯ ವಿಮೆಯಲ್ಲಿ ಮಗು ಮೊದಲ ದಿನದಿಂದಲೇ ಸೇರುತ್ತೆ ಅಂದೆ. ಅವರು ತಲೆಯಾಡಿಸಿ ಎದ್ದು ಹೋಗಿ, ಕುರಿ ಕಂಬಳಿ ತಂದು ಸೋಫಾದ ಮೇಲೆ ಹಾಸಿ, ‘ಕಾಲು ಚಾಚಿ ಕೂತ್ಕೋ’ ಅಂದರು. ಚಳ್ಳಕೆರೆಯ ಕಂಬಳಿ ಚುಚ್ಚುತ್ತೆ. ಅವತ್ತು ಹಿತವಾಗಿತ್ತು.

ಮಾರನೇ ಬೆಳಿಗ್ಗೆ ಅಮ್ಮನ ಹಟ ನಾಯಕನಹಟ್ಟಿಗೆ ಹೋಗಿ ತಿಪ್ಪೇರುದ್ರಸ್ವಾಮಿಗೆ ಕೈ ಮುಗಿದೇ ಮುಂದೆ ಹೋಗಬೇಕು ಅಂತ. ನಮ್ಮ ಕಡೆ ಸಂತೆಯಲ್ಲಿ ನಿಂತು ‘ತಿಪ್ಪೇಸ್ವಾಮೀ’ ಅಂತ ಕೂಗಿದರೆ ಮೂರು ಜನ ತಿರುಗಿ ನೋಡುತ್ತಾರೆ, ಅಷ್ಟು ನಂಬಿಕೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನೋದು ಅವರ ಮಾತು ಅಂತ ಆಟೋದ ಹಿಂದೆ, ಲಾರಿಯ ನೆತ್ತಿಯ ಮೇಲೆ ಎಲ್ಲೆಲ್ಲೂ ಬರೆದಿರುತ್ತದೆ. ನನಗೆ ಹರಕೆಯಲ್ಲಿ ಅಂಥಾ ನಂಬಿಕೆ ಇಲ್ಲ. ಬರಗಾಲದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಮನುಷ್ಯನಿಗೆ ಕೈ ಮುಗಿಯೋಕೆ ತಕರಾರೂ ಇಲ್ಲ. ಒಳಮಠದ ಮುಂದೆ ಬಲೂನು ಮಾರುವವನೊಬ್ಬ ನಿಂತಿದ್ದ. ಅಮ್ಮ, ‘ಮುಂದಿನ ಸಲ ಜಾತ್ರೆಗೆ ಮಗೂನ ಕರ್ಕೊಂಡು ಬಂದು ಬಲೂನು ಕೊಡಿಸ್ತೀನಿ’ ಅಂದಳು. ‘ಬಲೂನು ಮಾತ್ರ ಬೇಡಮ್ಮ’ ಅಂದೆ. ಮತ್ತೆ ಮತ್ತೆ ಆಪರೇಷನ್, ರಬ್ಬರ್ ಕೈಗವಸು ಅಂತ ಒಡ್ಡಿಕೊಳ್ಳುವ ಈ ಮಕ್ಕಳಲ್ಲಿ ಅನೇಕರಿಗೆ ಲೇಟೆಕ್ಸ್ ಅಲರ್ಜಿ ಬರುತ್ತೆ. ಬಲೂನು ಆ ಪಟ್ಟಿಯಲ್ಲಿ ಮೊದಲಿಗೇ ಇದೆ. ಆಪರೇಷನ್ ವಿಷಯ ಕೇಳಿದಾಗ ತಡೆದುಕೊಂಡಿದ್ದ ಅಮ್ಮ ಬಲೂನು ಇಲ್ಲ ಅಂದಿದ್ದಕ್ಕೆ ಅತ್ತುಬಿಟ್ಟಳು. ಕೊನೆಗೆ ಪಕ್ಕದ ಅಂಗಡಿಯಲ್ಲಿ ಕಾಗದದ ಗಿರಗಟ್ಟೆಯೊಂದನ್ನು ಕೊಂಡು ಚೀಲಕ್ಕೆ ಹಾಕಿಕೊಂಡಳು, ಇನ್ನೂ ಹುಟ್ಟದ ಮಗುವಿಗೆ.

ಅಲ್ಲಿಂದ ಮೊಳಕಾಲ್ಮುರಿಗೆ. ತಳುಕು ದಾಟುವಾಗ ನಮ್ಮವರು ಎಂದಿನಂತೆ, ‘ತ.ರಾ.ಸು. ಅವರ ‘ತ’ ಇದೇ’ ಅಂದರು. ಮದುವೆಯಾದಾಗಿನಿಂದ ಪ್ರತಿ ಸಲ ಕೇಳಿದ್ದೇನೆ. ಮುಂದೆ ಬಂಡೆ ಗುಡ್ಡಗಳು ಶುರು. ಮೊಳಕಾಲು ಮುರಿಯುವಷ್ಟು ಬಂಡೆ ಇರೋದಕ್ಕೇ ಊರಿಗೆ ಆ ಹೆಸರು ಬಂತು ಅಂತ ಹೇಳುವವರಿದ್ದಾರೆ. ಹಿಂದೆಲ್ಲ ಇದು ತಮಾಷೆಯ ಮಾತಾಗಿತ್ತು. ಈ ಸಲ ಊರಿನ ಬೋರ್ಡು ಕಂಡಾಗ ಕಾರಿನಲ್ಲಿ ಇಬ್ಬರೂ ಸುಮ್ಮನಿದ್ದೆವು. ಯಾಕೆಂದರೆ ನಮ್ಮ ಮಗುವಿನ ಕಾಲಿನ ಬಗ್ಗೆ ಯಾರಿಗೂ ಖಚಿತವಾಗಿ ಹೇಳೋಕೆ ಆಗಿಲ್ಲ. ತೆರೆದುಕೊಂಡ ಜಾಗ ಕೆಳಗಿದ್ದಷ್ಟೂ ಒಳ್ಳೆಯದಂತೆ. ನಮ್ಮದು ಕೆಳಗಿದೆ. ಪಾದಕ್ಕೆ ಕ್ಯಾಲಿಪರ್ ಹಾಕಿಕೊಂಡು ನಡೆಯುವ ಸಂಭವ ಚೆನ್ನಾಗಿಯೇ ಇದೆ ಅಂದಿದ್ದಾರೆ.

ಮಾವ ನೇಕಾರರು. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸೀರೆಗೆ ಹೆಸರಿದೆ, ಮಗ್ಗಗಳು ಮಾತ್ರ ಕಡಿಮೆಯಾಗುತ್ತಿವೆ. ನಾವು ಹೋದಾಗ ಮಾವ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಈ ಸೀರೆಯ ವಿಶೇಷ ಅಂಚಿನಲ್ಲಿದೆ. ಒಡಲಿನ ಬಣ್ಣ ಒಂದು, ಅಂಚಿನದು ಇನ್ನೊಂದು. ಒಂದರ ಎಳೆ ಇನ್ನೊಂದಕ್ಕೆ ನುಗ್ಗಬಾರದು. ಹಾಗಾಗಿ ಒಡಲಿಗೆ ಒಂದು ಲಾಳಿ, ಎರಡೂ ಅಂಚಿಗೆ ಒಂದೊಂದು, ಒಟ್ಟು ಮೂರು ಲಾಳಿ. ಅಂಚೂ ಒಡಲೂ ಸೇರುವ ಗೆರೆಯಲ್ಲಿ ಪ್ರತಿ ಎಳೆಯನ್ನೂ ಕೊಂಡಿ ಹಾಕಿದ ಹಾಗೆ ಹೆಣೆಯಬೇಕು. ಒಂದು ಕಡೆ ತಪ್ಪಿದರೆ ಅಲ್ಲಿ ಬಾಯಿ ಬಿಡುತ್ತೆ.

ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸ್ಲೈಡ್ ಮಾಡಿಕೊಂಡು ಬಂದಿದ್ದೆ. ಮಗ್ಗದ ಮುಂದೆ ಕೂತಾಗ ಅವು ಯಾವುವೂ ಬೇಕಾಗಲಿಲ್ಲ. ‘ಮಾವ, ಮೊದಲು ಮಗುವಿನ ಬೆನ್ನು ಒಂದು ಹಾಳೆ ಇದ್ದ ಹಾಗೆ ಚಪ್ಪಟೆಯಾಗಿರುತ್ತಂತೆ. ಆಮೇಲೆ ಅದರ ಎರಡು ಅಂಚು ಎದ್ದು ಬಂದು ಕೂಡಿ ಕೊಳವೆಯಾಗುತ್ತೆ. ನಮ್ಮ ಮಗುವಿಗೆ ಕೆಳಗಡೆ ಒಂದು ಕಡೆ ಅಂಚು ಕೂಡಿಲ್ಲ.’

ಲಾಳಿ ನಿಂತಿತು. ಅತ್ತೆ ಬಾಗಿಲ ಹತ್ತಿರವೇ ಕೂತುಬಿಟ್ಟರು. ಮಾವ ನೇಯ್ದ ಸೀರೆಯ ಮೇಲೆ ಕೈಯಾಡಿಸುತ್ತಾ ಕೇಳಿದರು, ‘ಎಷ್ಟುದ್ದ ಬಿಟ್ಟೈತಮ್ಮ?’ ಬೆರಳಿನಲ್ಲಿ ತೋರಿಸಿದೆ. ‘ಕೈಗೇನೂ ಆಗಿಲ್ಲ ತಾನೆ?’ ಇಲ್ಲ ಅಂದೆ. ‘ಮತ್ತೆ ಬಿಡು’ ಅಂದರು. ಆ ‘ಬಿಡು’ವಿನಲ್ಲಿ ಧೈರ್ಯ ಎಷ್ಟಿತ್ತು, ದುಃಖ ಎಷ್ಟಿತ್ತು, ಗೊತ್ತಾಗಲಿಲ್ಲ. ಗುಂಡಿಯಲ್ಲಿ ತುಳಿಗೋಲಿನ ಮೇಲಿದ್ದ ಅವರ ಕಾಲು ಅವತ್ತು ಮತ್ತೆ ಅಲ್ಲಾಡಲಿಲ್ಲ.

ಅತ್ತೆಗೆ ಚಿಂತೆ ತಲೆಯದ್ದು. ತಲೆಯಲ್ಲಿ ನೀರು ತುಂಬಿಕೊಂಡ ಮಗುವೊಂದನ್ನು ಹಿಂದೆ ನೆಂಟರ ಮನೆಯಲ್ಲಿ ನೋಡಿದ್ದರಂತೆ. ‘ಅದು ಉಳೀಲಿಲ್ಲ’ ಅಂದರು. ಬೇಕಾದರೆ ನಳಿಕೆ ಹಾಕಿ ಆ ನೀರನ್ನು ಹೊಟ್ಟೆಗೆ ಹರಿಯುವಂತೆ ಮಾಡುತ್ತಾರೆ ಅಂತ ಹೇಳುತ್ತಾ, ನನಗೆ ತುಂಬ ಹಿಡಿಸಿದ ಒಂದು ಸಂಗತಿಯನ್ನೂ ಹೇಳಿದೆ. ಆ ನಳಿಕೆಯ ಕವಾಟವನ್ನು ಬಳಕೆಗೆ ತಂದವರಲ್ಲಿ ಒಬ್ಬ ವೈದ್ಯನಲ್ಲ, ಫಿಲಡೆಲ್ಫಿಯಾದ ಕಾರ್ಖಾನೆಯ ತಂತ್ರಜ್ಞ ಜಾನ್ ಹೋಲ್ಟರ್. 1955ರಲ್ಲಿ ಅವನ ಮಗ ಸ್ಪೈನಾ ಬಿಫಿಡಾದೊಂದಿಗೆ ಹುಟ್ಟಿದ. ನೀರು ಒಂದೇ ದಿಕ್ಕಿಗೆ ಹರಿಯುವ ಸಣ್ಣ ಕವಾಟ ಬೇಕು ಅಂತ ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್ ಹೇಳಿದ್ದನ್ನು ಕೇಳಿ, ಅಪ್ಪ ಸಿಲಿಕೋನ್ ಹಿಡಿದು ಕೂತ. ಮರುವರ್ಷವೇ ಅದು ಮಕ್ಕಳ ತಲೆಯಲ್ಲಿ ಕೆಲಸ ಮಾಡತೊಡಗಿತು. ನಮ್ಮಲ್ಲೂ ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ಛಾಬ್ರಾ ಶಂಟ್ ಅಂತ ಕಡಿಮೆ ಬೆಲೆಯದ್ದು ತಯಾರಾಗುತ್ತೆ. ಉಗಾಂಡದಲ್ಲಿ 195 ಮಕ್ಕಳಲ್ಲಿ ಇದನ್ನು ಹಲವು ಪಟ್ಟು ಬೆಲೆಯ ವಿದೇಶಿ ಶಂಟ್ ಜತೆ ಹೋಲಿಸಿ ನೋಡಿದಾಗ, ಒಂದು ವರ್ಷದ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಸಂಜೆ ನಾದಿನಿ ಬಂದಳು. ಮದುವೆಯಾಗಿ ನಾಲ್ಕು ತಿಂಗಳು. ಎಲ್ಲ ಕೇಳಿದ ಮೇಲೆ ಅಡುಗೆಮನೆಯಲ್ಲಿ ಮೆತ್ತಗೆ, ‘ಅತ್ತಿಗೆ, ಆ ಮಾತ್ರೆ ನಾನೂ ತಗೋಬೇಕಾ?’ ಅಂದಳು. ಯಾರೂ ಹೇಳಿಲ್ಲವಂತೆ. ಹೇಳೋರಾದರೂ ಯಾರು? ಆಶಾ ಕಾರ್ಯಕರ್ತೆ ಬರುವುದು ಗರ್ಭಿಣಿ ಅಂತ ಗೊತ್ತಾದ ಮೇಲೆ, ತಾಯಿ ಕಾರ್ಡ್ ಆಗುವುದು ಎರಡು ಮೂರು ತಿಂಗಳಿಗೆ. ಕಬ್ಬಿಣದ ಮಾತ್ರೆ, ಅಂಗನವಾಡಿಯ ಮಾತೃಪೂರ್ಣ ಊಟ, ಎಲ್ಲ ಒಳ್ಳೆಯವೇ. ಆದರೆ ಬೆನ್ನಹುರಿಯ 28 ದಿನ ಅಷ್ಟರಲ್ಲಿ ಕಳೆದಿರುತ್ತೆ. ಇನ್ನೂ ಬಸುರಿಯಾಗದ ಸೊಸೆ ಮೆಡಿಕಲ್ ಅಂಗಡಿಗೆ ಹೋಗಿ ಮಗುವಿನ ಮಾತ್ರೆ ಕೇಳಿದರೆ ಊರು ಏನನ್ನುತ್ತೆ ಅನ್ನೋದು ಅವಳ ಅಳುಕು. ನನ್ನ ಚೀಲದಲ್ಲಿ ಇದ್ದದ್ದನ್ನೇ ಕೊಡಬಹುದಿತ್ತು, ಕೊಡಲಿಲ್ಲ; ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ವೈದ್ಯರನ್ನು ಕೇಳಿ ಬರೆಸಿಕೊಂಡು ಬಂದೆವು. ಕೌಂಟರಿನಲ್ಲಿ ಅವಳೇ ಕೇಳಲಿ ಅಂತ ನಾನು ಹಿಂದೆ ನಿಂತಿದ್ದೆ. ಕೇಳಿದಳು.

ಈ ಮಾತ್ರೆಯ ಕಥೆ ಶುರುವಾಗಿದ್ದು ಬಟ್ಟೆ ಮಿಲ್ಲಿನ ಹೆಂಗಸರಿಂದ ಅಂತ ನೇಕಾರರ ಮನೆಯಲ್ಲಿ ಹೇಳಿದಾಗ ಅತ್ತೆ ನಂಬಲಿಲ್ಲ. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು, ಜವಳಿ ಕೆಲಸದ ಬಡ ಗರ್ಭಿಣಿಯರಿಗೆ ರಕ್ತ ಯಾಕೆ ಇಷ್ಟು ಕಡಿಮೆ ಅಂತ ಹುಡುಕಿದರು. ಯೀಸ್ಟಿನ ಸಾರದಿಂದ ಅವರು ಚೇತರಿಸಿಕೊಳ್ಳುತ್ತಾರೆ ಅಂತ 1931ರಲ್ಲಿ ಬರೆದರು. ಅದರೊಳಗಿದ್ದ ಅಂಶಕ್ಕೇ ಮುಂದೆ, 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, ಲ್ಯಾಟಿನ್ನಿನ ‘ಎಲೆ’ ಪದದಿಂದ ಫೋಲಿಕ್ ಅನ್ನೋ ಹೆಸರು ಬಂತು. ಸೊಪ್ಪಿನಲ್ಲಿ, ಕಾಳಿನಲ್ಲಿ, ಶೇಂಗಾದಲ್ಲಿ ಅದು ಇದೆ. ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತೆ. ನಮ್ಮೂರ ಮಿಲ್ಲುಗಳು ಇಷ್ಟು ವರ್ಷ ಎಣ್ಣೆಯನ್ನು ನಮಗೆ ಕೊಟ್ಟು ಫೋಲೇಟನ್ನು ಎಮ್ಮೆಗೆ ಕೊಟ್ಟಿವೆ. ಸೊಪ್ಪು ಬೇಯಿಸಿದ ನೀರು ಚೆಲ್ಲದೆ ಸಾರು ಮಾಡುವ ಬಸ್ಸಾರಿನವರು ಒಂದಿಷ್ಟು ಉಳಿಸಿಕೊಂಡಿದ್ದಾರೆ, ಅಷ್ಟೇ.

ಹೊರಡುವ ಮುನ್ನಾದಿನ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ಹೋದೆವು. ಈ ತಾಲ್ಲೂಕಿನಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಮೂರು ಕಡೆ ಇವೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು ಅಂತೆಲ್ಲ ಅದರಲ್ಲಿದೆ. ನನಗೆ ಹೆಚ್ಚು ಇಷ್ಟವಾಗಿದ್ದು ಕೊರೆದವನು. ಚಪಡ ಅಂತ ಹೆಸರು. ಕೊನೆಯಲ್ಲಿ ಬ್ರಾಹ್ಮಿಯಲ್ಲಿ ತಾನು ಬರೆದಿದ್ದು ಅಂತ ಹೇಳಿ, ‘ಲಿಪಿಕಾರ’ ಅನ್ನೋ ಒಂದು ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊರೆದು ಹೋಗಿದ್ದಾನೆ. ಕೋಡ್ ಬರೆದು ಕೆಳಗೆ ಹೆಸರು ಹಾಕುವ ನಮ್ಮ ಹುಡುಗರಂತೆಯೇ. ಬಂಡೆಯ ದಾರಿಯಲ್ಲಿ ನಾನು ಪೂರ್ತಿ ಓಡಾಡಲಿಲ್ಲ, ನೆರಳಿನಲ್ಲಿ ಕೂತೆ. ವೀಲ್‌ಚೇರ್ ಇಲ್ಲಿಗೆ ಬರಲ್ಲ ಅಂತ ಫೋನಿನಲ್ಲಿ ಬರೆದುಕೊಂಡೆ.

ನನ್ನ ಆ ಪಟ್ಟಿ ಉದ್ದವಾಗಿದೆ. ಬೆಂಗಳೂರಿನಿಂದ ಇಲ್ಲಿಗೆ ಐದು ಗಂಟೆ; ಈ ಮಕ್ಕಳಲ್ಲಿ ಬಹುಪಾಲಿಗೆ ಮೂತ್ರ ತಾನಾಗಿ ಸರಿಯಾಗಿ ಹೋಗುವುದಿಲ್ಲ, ಮೂರು ನಾಲ್ಕು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿ ತೆಗೆಯಬೇಕು. ಅದಕ್ಕೆ ಆಸ್ಪತ್ರೆಯಂಥ ಜಾಗವೇ ಬೇಕಿಲ್ಲ, ಕೈ ಮತ್ತು ನಳಿಕೆ ಸ್ವಚ್ಛವಿದ್ದರೆ ಸಾಕು ಅಂತ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ 1972ರಲ್ಲೇ ತೋರಿಸಿಕೊಟ್ಟಿದ್ದಾರೆ. ಶಿರಾದಿಂದ ಮೊಳಕಾಲ್ಮುರಿನವರೆಗೆ ಆ ‘ಸ್ವಚ್ಛ’ ನನಗೆ ಸಿಕ್ಕಿದ್ದು ಎರಡೇ ಕಡೆ. ಇನ್ನೊಂದು ಕಡೆ, ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಲು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಮೊದಲನೆಯದೇ ನಮ್ಮದು. ಅದನ್ನು ಓದಿದಾಗ ಸಣ್ಣ ಸಮಾಧಾನ. ಯಾರೋ ಈ ಹೆಸರನ್ನು ಬರೆದಿಟ್ಟಿದ್ದಾರೆ.

ಸೀಮಂತ ನಿಂತಿಲ್ಲ. ಅತ್ತೆ ಅದೇ ದಿನಕ್ಕೆ ಮಾಡುತ್ತೇನೆ ಅಂದರು. ಯಾರು ಯಾರಿಗೆ ಹೇಳಬೇಕು ಅನ್ನುವುದರ ಮೇಲೆ ಒಂದು ಸುತ್ತು ವಾದವಾಯಿತು. ‘ಕೇಳಿದೋರಿಗೆ ಹೇಳೋದು, ಕೇಳದೋರಿಗೆ ಇಲ್ಲ’ ಅಂತ ಮಾವ ಮುಗಿಸಿದರು.

ಕಾರಿಗೆ ಚೀಲ ಇಡುವಾಗ ನೋಡಿದರೆ ಮಾವ ಗಾರೆ ಮೇಸ್ತ್ರಿಯನ್ನು ಕರೆಸಿ ಬಾಗಿಲ ಮುಂದೆ ನಿಲ್ಲಿಸಿದ್ದಾರೆ. ಮನೆಗೆ ಮೂರು ಮೆಟ್ಟಿಲು. ಇಳಿಜಾರು ಮಾಡಿಸಬೇಕಂತೆ. ನಾನು ಲೆಕ್ಕ ಹೇಳಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ, ಅಂದರೆ 18 ಅಡಿ. ಚರಂಡಿ ಇರುವುದು ಒಂಬತ್ತು ಅಡಿಗೆ. ಮೇಸ್ತ್ರಿ ನಕ್ಕು, ‘ರಸ್ತೆ ದಾಟಿ ಎದುರು ಮನೆಗೆ ಹೋಗ್ಬೇಕಾಗ್ತೈತೆ’ ಅಂದ. ಗೋಡೆ ಪಕ್ಕಕ್ಕೆ ಅಡ್ಡ ತಿರುಗಿಸಿದರೆ ಕೂರುತ್ತೆ, ಆದರೆ ಅತ್ತೆಯ ತುಳಸಿಕಟ್ಟೆ ಹೋಗುತ್ತೆ. ‘ಇನ್ನೂ ಹುಟ್ಟೇ ಇಲ್ಲ, ಅದಕ್ಕೆ ಬೇಕೋ ಬೇಡವೋ’ ಅಂತ ನಮ್ಮವರು ಹೇಳಹೋದರು. ‘ನಂಗೂ ವಯಸ್ಸಾಯ್ತಲ್ಲಪ್ಪ, ನಂಗೇ ಬೇಕಾಗ್ತೈತೆ ಬಿಡು. ನೀನು ಟೇಪಿನ ಆ ತುದಿ ಹಿಡ್ಕೊ’ ಅಂದರು ಮಾವ. ತುಳಸಿಕಟ್ಟೆ ಎತ್ತಿ ಎಲ್ಲಿ ಇಡಬೇಕು ಅಂತ ಅತ್ತೆ ಆಗಲೇ ಅಂಗಳದಲ್ಲಿ ಓಡಾಡುತ್ತಿದ್ದರು.